ಹನ್ನೊಂದು ಗಂಟೆಯ ನಗು

“ಬಾ... ಬಾ... ಇನ್ನೂ ಬಾ... ಅಯ್ಯಯ್ಯೋ, ನಿಲ್ಸಪ್ಪಾ ನಿಲ್ಸು! ನನ್ನ ಅಂಗಡಿ ಬೋರ್ಡನ್ನೂ ಜೊತೆಗೇ ಕರ್ಕೊಂಡು ಹೋಗ್ತೀಯೇನು?”

ಕಟಿಂಗ್ ಅಂಗಡಿಯವನು ಎರಡೂ ಕೈ ಅಡ್ಡ ಹಿಡಿದು ಗಾಡಿಯ ಹಿಂದೆ ನಿಂತಿದ್ದ. ಗಲ್ಲಿ ಅಷ್ಟು ಕಿರಿದು. ಹೆಣ ಸಾಗಿಸುವ ಗಾಡಿ ಮೂತಿ ತೂರಿಸಿಕೊಂಡು ಒಳಗೆ ಬಂದದ್ದೇನೋ ಸರಿ, ಈಗ ತಿರುಗಿಸಲು ಜಾಗವಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಡ್ರೈವರ್ ಕುತ್ತಿಗೆ ಹೊರಳಿಸಿ ಹೊರಳಿಸಿ ಸುಸ್ತಾಗಿದ್ದ.

“ನೋಡಿದ್ರಾ ಟೈಲರಮ್ಮ,” ಎಂದ ಗಡಿಯಾರ ರಿಪೇರಿ ತಾತ, “ನಿಮ್ಮ ಯಜಮಾನ ಕೊನೆಗೂ ಚಾಳಿ ಬಿಡ್ಲಿಲ್ಲ. ಹಿಂದಹಿಂದಕ್ಕೇ ಹೊರಟ.”

ಸುತ್ತ ನಿಂತವರು ತುಟಿ ಬಿಗಿಹಿಡಿದರು. ಸಾವಿನ ಮನೆ, ನಗಬಹುದೋ ಬಾರದೋ. ಟೈಲರಮ್ಮನೇ ಮೊದಲು ಕಿಸಕ್ಕೆಂದಳು. ಆಮೇಲೆ ಯಾರನ್ನೂ ಹಿಡಿಯುವವರಿರಲಿಲ್ಲ.

ಆಕೆಯ ಗಂಡ ಮೂವತ್ತೆಂಟು ವರ್ಷ ಪರವೂರಿನವರಿಗೆ ಈ ಊರನ್ನು ಕಾಲ್ನಡಿಗೆಯಲ್ಲಿ ಸುತ್ತಿಸಿ ತೋರಿಸಿದವನು. ಬಸ್ಸಿಲ್ಲ, ಮೈಕಿಲ್ಲ, ಬಾವುಟವಿಲ್ಲ. ಒಬ್ಬರು ಬಂದರೆ ಒಬ್ಬರಿಗೆ, ಒಂದು ಮನೆಯವರು ಬಂದರೆ ಆ ಮನೆಯವರಿಗಷ್ಟೇ. “ಮುಖ ತೋರಿಸದೆ ಮಾತಾಡೋದು ಮರ್ಯಾದೆ ಅಲ್ಲ” ಎಂದು ಅವನು ಬಂದವರ ಕಡೆ ಮುಖ ಮಾಡಿಕೊಂಡು, ಊರಿಗೆ ಬೆನ್ನು ಕೊಟ್ಟು, ಹಿಂದಹಿಂದಕ್ಕೇ ನಡೆಯುತ್ತಿದ್ದ. ಯಾವ ಕಂಬ ಎಲ್ಲಿದೆ, ಯಾವ ನಾಯಿ ಎಲ್ಲಿ ಮಲಗಿದೆ ಎನ್ನುವುದು ಅವನ ಹಿಮ್ಮಡಿಗೇ ಗೊತ್ತಿತ್ತು. ಹಾಗಾಗಿ ಊರು ಅವನಿಗಿಟ್ಟ ಹೆಸರು ಹಿಮ್ಮಡಿ. ಬಿದ್ದದ್ದು ಜೀವಮಾನದಲ್ಲಿ ಒಂದೇ ಸಲ, ಪೈಪಿಗೆಂದು ಅಗೆದ ಗುಂಡಿಗೆ. “ಅದು ನನ್ನ ತಪ್ಪಲ್ಲ, ನಿನ್ನೆ ಇರ್ಲಿಲ್ಲ,” ಎಂದು ಗುಂಡಿಯೊಳಗಿಂದಲೇ ಹೇಳಿದ್ದನಂತೆ. ಮೊನ್ನೆ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಬೂಟಿನ ಲಾಡಿ ಕಟ್ಟುತ್ತಿದ್ದವನು ಒಂದು ಕಾಲಿನದು ಮುಗಿಸಿ ಹಾಗೇ ಒರಗಿಬಿಟ್ಟ. ಎಪ್ಪತ್ತೊಂದು ವರ್ಷ. ನೋವಿಲ್ಲ, ನರಳಾಟವಿಲ್ಲ.

ಗಾಡಿ ಅಂತೂ ಗಲ್ಲಿಯ ಬಾಯಿಗೆ ಬಂತು. ಎರಡು ತಿಂಗಳ ಕೂಸನ್ನು ಬಿಟ್ಟು ಬರಲಾಗದೆ ಮಗಳು ಮೇಲಿನ ಮನೆಯಲ್ಲೇ ಉಳಿದಳು. ಉಳಿದವರೆಲ್ಲ ಗಾಡಿಯ ಹಿಂದೆ ನಡೆಯಲು ಸಾಲುಗೂಡುವಾಗ, ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡ ಹೆಂಗಸೊಬ್ಬಳು ಕೈಯಲ್ಲೊಂದು ಚೀಟಿ ಹಿಡಿದು ಬಂದು, “ಹತ್ತು ಗಂಟೆ ವಾಕ್ ಇಲ್ಲಿಂದಲೇ ಅಲ್ವಾ? ನನಗೊಬ್ಬಳಿಗೇ ಅಂತ ಹೇಳಿದ್ರು, ಇಷ್ಟೊಂದು ಜನ ಇದ್ದೀರಲ್ಲ!” ಎಂದಳು.

ಬೇಕರಿ ಅಕ್ಕ ಆಕೆಯ ಮೊಣಕೈ ಹಿಡಿದು ಪಕ್ಕಕ್ಕೆ ಕರೆದೊಯ್ದು ಪಿಸುಗುಟ್ಟಿದಳು. ಹೆಂಗಸಿನ ಕೈ ಬಾಯಿಗೆ ಹೋಯಿತು. ಚೀಟಿ ಮಡಿಸಿ ಒಳಗಿಟ್ಟುಕೊಂಡು, ಟೈಲರಮ್ಮನ ಹತ್ತಿರ ಬಂದು, “ಕ್ಷಮಿಸಿ ಅಮ್ಮ, ನನಗೆ ಗೊತ್ತಿರ್ಲಿಲ್ಲ. ನಾನೂ ಜೊತೆಗೆ ನಡೀಬಹುದಾ?” ಎಂದಳು.

“ಮಂಡಿ ಬದಲಾಯಿಸಿರೋದು ನೀವೇ ಅಲ್ವಾ?” ಎಂದಳು ಟೈಲರಮ್ಮ.

ಹೆಂಗಸು ಕಣ್ಣರಳಿಸಿದಳು.

* * *

ಹೋದ ವಾರವಷ್ಟೇ ಹಿಮ್ಮಡಿ ಕಿಟಕಿಯ ಪಕ್ಕ ಕೂತು ಫೋನಿನಲ್ಲಿ ಅಳತೆ ತೆಗೆದುಕೊಳ್ಳುತ್ತಿದ್ದ. ಅವನು ಅದನ್ನು ಅಳತೆ ಎಂದೇ ಕರೆಯುತ್ತಿದ್ದ. “ನೀನೊಬ್ಬಳೇ ಅಲ್ಲ ಕಣೇ, ನಾನೂ ಟೈಲರೇ. ರೆಡಿಮೇಡ್ ಊರು ಬೇಕಾದವರು ಬಸ್ ಹತ್ಲಿ. ನನ್ನದು ಮೈಗೆ ತಕ್ಕ ಹೊಲಿಗೆ,” ಎನ್ನುತ್ತಿದ್ದ.

ಅಳತೆಗೆ ಮೂರೇ ಪ್ರಶ್ನೆ. ಮಂಡಿ ಹೇಗಿದೆ? ಹಸಿವು ಎಷ್ಟೊತ್ತಿಗಾಗುತ್ತೆ? ಕತೆ ನಿಜವಾದದ್ದು ಬೇಕೋ, ಚೆನ್ನಾಗಿರೋದು ಬೇಕೋ?

“ಎರಡೂ ಮಂಡಿ ಬದಲಾಯಿಸಿದ್ದೀರಾ? ಹಾಗಾದ್ರೆ ಮೆಟ್ಟಿಲು ಕ್ಯಾನ್ಸಲ್. ನರ್ಸಾಗಿದ್ರಾ? ಸರಿ ಹಾಗಾದ್ರೆ, ಹಳೇ ಆಸ್ಪತ್ರೆ ಹಿಂದಿನ ಗೋಡೆ ತೋರಿಸ್ತೀನಿ, ಅಲ್ಲಿ ಡಾಕ್ಟರುಗಳು ಕದ್ದು ಸಿಗರೇಟು ಸೇದ್ತಿದ್ರು. ಏನು? ಅದು ನಿಮಗೇ ಗೊತ್ತಾ?” ಎಂದು ನಕ್ಕಿದ್ದ.

ಟೈಲರಮ್ಮ ಪೆಡಲ್ ತುಳಿಯುತ್ತಲೇ ಕೇಳಿಸಿಕೊಂಡಿದ್ದಳು. ಯಾರಿಗೆ ಯಾವ ಅಳತೆ ಆದರೂ, ಬಾಗಿಲುಗಳನ್ನಷ್ಟೇ ನೋಡಬೇಕು ಎಂದವರಾಗಲಿ, ಬೆಕ್ಕುಗಳನ್ನಷ್ಟೇ ನೋಡಬೇಕು ಎಂದವರಾಗಲಿ, ಹನ್ನೊಂದು ಗಂಟೆಗೆ ಸರಿಯಾಗಿ ಅವರೆಲ್ಲ ತನ್ನ ಕಿಟಕಿಯ ಕೆಳಗೆ ಬಂದು ನಿಲ್ಲುತ್ತಾರೆ ಎನ್ನುವುದು ಆಕೆಗೆ ಗೊತ್ತಿತ್ತು. ಒಮ್ಮೆ ಸೇತುವೆಗಳ ಹುಚ್ಚಿನವನೊಬ್ಬ ಬಂದಿದ್ದ. ಈ ಗಲ್ಲಿಯಲ್ಲಿ ಚರಂಡಿಯ ಮೇಲೆ ಒಂದು ಹಲಗೆ ಬಿಟ್ಟರೆ ಸೇತುವೆ ಎನ್ನುವಂಥದ್ದೇನಿಲ್ಲ. ಹಿಮ್ಮಡಿ ಅವನನ್ನೂ ಇಲ್ಲಿಗೇ ಎಳೆದು ತಂದಿದ್ದ.

ಬಂದು ನಿಂತು ಅವರು ಮಾಡುತ್ತಿದ್ದದ್ದು ಒಂದೇ. ತಲೆಯೆತ್ತಿ ಕಿಟಕಿ ನೋಡಿ, ಗೊಳ್ಳನೆ ನಗುವುದು.

* * *

ಗಾಡಿ ಎತ್ತಿನ ಹೆಜ್ಜೆಯಲ್ಲಿ ಹೋಗುತ್ತಿತ್ತು. ಹಿಂದೆ ನಲವತ್ತು ಜನ. ಟೈಲರಮ್ಮನ ಎಡಕ್ಕೆ ಕಟಿಂಗ್ ಅಂಗಡಿಯವನು, ಬಲಕ್ಕೆ ಬೇಕರಿ ಅಕ್ಕ. ತಾತ ಒಂದು ಹೆಜ್ಜೆ ಮುಂದೆ.

ಆಕೆಗೆ ಅಳು ಬರಲಿಲ್ಲವೆಂದಲ್ಲ. ಮೊನ್ನೆಯಿಂದ ಬೇಕಾದಷ್ಟು ಅತ್ತಿದ್ದಳು. ಆದರೆ ಅಳುವಿನ ನಡುವೆ ಹಲ್ಲಿಗೆ ಸಿಕ್ಕ ನಾರಿನಂತೆ ಒಂದು ಮಾತು ಕುಟುಕುತ್ತಿತ್ತು. ಅವನು ಕಿಟಕಿಯ ಕೆಳಗೆ ಏನು ಹೇಳುತ್ತಿದ್ದ? ಇಷ್ಟು ವರ್ಷ ಕಂಡಕಂಡವರ ಮುಂದೆ ತನ್ನನ್ನು ಆಡಿಕೊಂಡನೇ? ಇವತ್ತು ಈ ಜನ ಚದುರಿಹೋದರೆ ಹೇಳುವವರು ಯಾರೂ ಇರುವುದಿಲ್ಲ.

“ಒಂದು ಮಾತು ಕೇಳ್ತೀನಿ, ಮುಚ್ಚುಮರೆ ಮಾಡಬಾರದು,” ಎಂದಳು. “ನಮ್ಮನೆಯವರು ನನ್ನ ಕಿಟಕಿ ಕೆಳಗೆ ನಿಂತು ಏನು ಹೇಳ್ತಿದ್ರು?”

ಕಟಿಂಗ್ ಅಂಗಡಿಯವನು ಗಂಟಲು ಸರಿಮಾಡಿಕೊಂಡ. “ಅದಾ? ಅದು... ನನಗೆ ಗೊತ್ತಿರೋ ಹಾಗೆ, ಈ ಮನೇಲಿ ಒಬ್ಬ ಜಡ್ಜಿಗೆ ಒಂದೇ ತೋಳಿನ ಕೋಟು ಹೊಲಿದುಕೊಟ್ರು, ಆತ ಅದನ್ನೇ ಹಾಕ್ಕೊಂಡು ತೀರ್ಪು ಕೊಟ್ಟ ಅಂತ.”

“ಜಡ್ಜಿಗೆ ನಾನ್ಯಾವಾಗ ಕೋಟು ಹೊಲಿದೆ?”

“ಅವನು ಹೇಳೋದು ಸುಳ್ಳು,” ಎಂದ ತಾತ ತಿರುಗಿ. “ಕತ್ತರಿ ಸದ್ದಿನಲ್ಲಿ ಅವನಿಗೇನು ಕೇಳಿಸುತ್ತೆ? ನಾನು ಹೇಳ್ತೀನಿ. ‘ಇಲ್ಲೊಬ್ಬ ರಾಜಕುಮಾರಿ ಸೆರೆಯಲ್ಲಿದ್ದಾಳೆ. ಕಾವಲಿಗೂ ಅವಳನ್ನೇ ಇಟ್ಟಿದ್ದಾರೆ, ಅದಕ್ಕೇ ತಪ್ಪಿಸಿಕೊಳ್ಳೋಕಾಗ್ತಿಲ್ಲ.’”

“ನೀವು ಕಿವಿಯಾರೆ ಕೇಳಿದ್ದಾ ತಾತ?”

“ಕಿವಿಯಾರೆ ಅಂದ್ರೆ... ಅವನ ಬಾಯಿ ಹಾಗೆ ಅಲ್ಲಾಡ್ತಿತ್ತು.”

“ಥೂ, ಇಬ್ಬರೂ ಬುರುಡೆ ಬಿಡ್ತಾರೆ,” ಎಂದಳು ಬೇಕರಿ ಅಕ್ಕ. “ಕಿಟಕಿಯಿಂದ ಕತ್ತರಿ ಬಿದ್ದು ದಾರಿಹೋಕನ ಮೀಸೆ ಅರ್ಧ ಹೋಯ್ತು ಅಂತ ಹೇಳ್ತಿದ್ದದ್ದು. ಆ ದಾರಿಹೋಕ ಇವನ ಅಪ್ಪನೇ, ಉಳಿದರ್ಧ ಬೋಳಿಸಿಕೊಳ್ಳೋಕೆ ಹೋಗಿ ಆ ಕಸುಬೇ ಹಿಡಿದ್ನಂತೆ.”

“ನಮ್ಮಪ್ಪನ ಸುದ್ದಿಗೆ ಬರಬೇಡಿ ಅಕ್ಕ!”

“ನಾನಲ್ಲಪ್ಪ, ಹಿಮ್ಮಡಿ ಹೇಳಿದ್ದು!”

“ಅವನೆಲ್ಲಿ ಹೇಳಿದ? ನೀವು ಹೇಳಿದ್ದು!”

ಜಗಳ ಮುಂದಿನ ವೃತ್ತದವರೆಗೂ ನಡೆಯಿತು. ಟೈಲರಮ್ಮನಿಗೆ ಒಂದು ಮಾತ್ರ ಅರ್ಥವಾಯಿತು: ಎದುರು ಬದಿಯ ಅಂಗಡಿಗಳಲ್ಲಿ ಕೂತ ಈ ಮೂವರಿಗೂ ಕೇಳಿಸಿದ್ದು ನಗು ಮಾತ್ರ. ಮಾತನ್ನು ಅವರವರೇ ಹೊಲಿದುಕೊಂಡಿದ್ದರು.

* * *

ಒಂದು ಸಲ ಆ ನಗು ಆಕೆಗೆ ಸೂಜಿಯಂತೆ ಚುಚ್ಚಿತ್ತು. ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಕಿಟಕಿ ತೆಗೆದರೆ ಕೆಳಗೆ ವಾಕಿಗೆ ಬಂದ ಒಬ್ಬ ಹುಡುಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ, ತನ್ನತ್ತಲೇ ಬೆರಳು ತೋರಿಸುತ್ತಿದ್ದಳು. ಟೈಲರಮ್ಮನ ತುಟಿಯ ನಡುವೆ ನಾಲ್ಕು ಗುಂಡುಪಿನ್ನು, ಕೊರಳಲ್ಲಿ ಟೇಪು, ದಾರ ಸುತ್ತಿ ನಿಲ್ಲಿಸಿದ ಕನ್ನಡಕ. ನಗದೆ ಇನ್ನೇನು ಮಾಡುತ್ತಾರೆ ಅನ್ನಿಸಿ ಕಿಟಕಿ ರಪ್ಪೆಂದು ಮುಚ್ಚಿದ್ದಳು.

“ಏನ್ರೀ ಹೇಳಿದ್ರಿ ಅವಳಿಗೆ?” ಎಂದು ಸಂಜೆ ಕೇಳಿದರೆ, “ನೀನೂ ಒಂದಿನ ವಾಕಿಗೆ ಬಾ, ಹೇಳ್ತೀನಿ,” ಎಂದ.

“ನನಗೇನು ಈ ಊರು ಗೊತ್ತಿಲ್ವಾ? ಹುಟ್ಟಿ ಬೆಳೆದದ್ದು ಇಲ್ಲೇ. ಊರೂರಿನವರಿಗೆ ನೀವು ದೊಡ್ಡ ಮನುಷ್ಯರಿರಬಹುದು. ಹಿತ್ತಲ ಗಿಡ ಮದ್ದಲ್ಲ.”

“ಹಿತ್ತಲ ಗಿಡವೂ ಆಗಾಗ ತಲೆ ಎತ್ತಿ ನೋಡಬೇಕು ಕಣೇ,” ಎಂದಿದ್ದ ಅವನು. ಅದೇನು ಮಾತೋ ಎಂದು ಆಕೆ ಇನ್ನಷ್ಟು ಉರಿದಿದ್ದಳು.

ನಾಲ್ಕು ದಿನ ಮಾತಿಲ್ಲ. ತಟ್ಟೆ ಇಡುವ ಸದ್ದಿನಲ್ಲೇ ಎಲ್ಲ ಹೇಳಬೇಕಾದ್ದನ್ನು ಹೇಳುತ್ತಿದ್ದಳು. ಐದನೆಯ ದಿನ ಹನ್ನೊಂದಕ್ಕೆ ಮತ್ತೆ ನಗು! ಕಿಟಕಿ ತೆಗೆದವಳೇ ಕೈಗೆ ಸಿಕ್ಕ ದಾರದ ರೀಲು ಎಸೆದಳು. ಅದು ಪಾಪ ಯಾರೋ ಮುದುಕನ ಟೋಪಿಗೆ ಬಡಿದು ಚರಂಡಿಯ ಕಡೆ ಉರುಳಿತು. ಸಂಜೆ ಹಿಮ್ಮಡಿ ರೀಲನ್ನು ಒರೆಸಿ ತಂದು ಮಿಷಿನ್ನಿನ ಮೇಲಿಟ್ಟು, “ಬಿಳಿ ದಾರ. ಯಾರೋ ಬೀಳಿಸಿಕೊಂಡಿದ್ರು,” ಎಂದ. ಆಕೆಗೆ ನಗು ತಡೆಯಲಾಗಲಿಲ್ಲ. ಮಾತು ಶುರುವಾಯಿತು. ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

* * *

ಎಲ್ಲ ಮುಗಿಸಿ ಹೊರಬಂದಾಗ ಬಿಸಿಲು ಚುರುಕಾಗಿತ್ತು. ಸ್ಮಶಾನದ ಗೇಟಿನ ಹೊರಗಿನ ಕಲ್ಲುಬೆಂಚಿನಲ್ಲಿ ಬಿಳಿ ಬೂಟಿನ ನರ್ಸಮ್ಮ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದಳು. ಟೈಲರಮ್ಮ ಪಕ್ಕದಲ್ಲಿ ಕುಸಿದು ಕೂತಳು.

“ಪಾಪ, ಇಷ್ಟು ದೂರದಿಂದ ಬಂದ್ರಿ, ಒಂದು ಗೋಡೇನೂ ನೋಡೋಕಾಗ್ಲಿಲ್ಲ.”

“ನನಗೆ ಗೋಡೆ ಹೊಸದಲ್ಲಮ್ಮ. ಒಂಬತ್ತು ವರ್ಷದ ಹಿಂದೆ ನಮ್ಮ ಯಜಮಾನ್ರ ಜೊತೆ ಬಂದಿದ್ದೆ, ನಿಮ್ಮವರೇ ಸುತ್ತಿಸಿದ್ರು. ನಮ್ಮವರು ಹೋದ್ಮೇಲೆ ಇನ್ನೊಂದ್ಸಲ ನಡೀಬೇಕು ಅನ್ನಿಸ್ತು. ಫೋನಿನಲ್ಲಿ ಹೇಳಿದ್ದೆ, ಬೇರೆ ಏನು ಬಿಟ್ರೂ ಆ ಕಿಟಕಿ ಬಿಡಬೇಡಿ ಅಂತ.”

ಬೆವರು ಒರೆಸಿಕೊಳ್ಳುತ್ತಿದ್ದ ಟೈಲರಮ್ಮನ ಕೈ ಸೆರಗಿನಲ್ಲೇ ನಿಂತಿತು. “ಯಾವ ಕಿಟಕಿ?”

“ನಿಮ್ದೇ! ಬೆಳಿಗ್ಗೆ ನಿಮ್ಮ ಮುಖ ನೋಡಿದ ತಕ್ಷಣ ಗುರುತು ಸಿಕ್ತು. ಎಷ್ಟು ಬೈದಿದ್ರಿ ಅವತ್ತು, ಅಬ್ಬಾ! ‘ನಿಮ್ಮನೇಲಿ ಕೆಲಸ ಇಲ್ವಾ, ಬೀದೀಲಿ ಹಲ್ಲು ಒಣಗಿಸ್ತೀರಲ್ಲ’ ಅಂತ.”

“ಅವರು... ಏನು ಹೇಳಿದ್ರು ನಿಮಗೆ? ನಗೋ ಅಂಥದ್ದು?”

“ನಗೋ ಅಂಥದ್ದು ಏನೂ ಹೇಳ್ಲಿಲ್ಲವಲ್ಲ,” ಎಂದಳು ನರ್ಸಮ್ಮ. “ಕೆಳಗೆ ನಿಲ್ಲಿಸಿ, ‘ಇಲ್ಲಿ ತೋರಿಸೋಕೆ ಏನೂ ಇಲ್ಲ. ಮೂರು ಎಣಿಸ್ತೀನಿ, ಜೋರಾಗಿ ನಕ್ಕುಬಿಡಿ, ಯಾಕೆ ಅಂತ ಕೇಳಬೇಡಿ’ ಅಂದ್ರು. ನಮಗೇನು, ರಜೆಗೆ ಬಂದವರು, ನಕ್ಕೆವು. ಸುಮ್ಮಸುಮ್ಮನೆ ನಗೋಕೆ ಹೋದ್ರೆ ನಿಜವಾಗಿಯೂ ನಗು ಬಂದುಬಿಡುತ್ತಲ್ಲ. ಕಿಟಕಿ ತೆಗೀತು. ನೀವು ಬಗ್ಗಿ ಬೈದ್ರಿ. ಅವರು ನೋಡ್ತಾ ನಿಂತ್ರು. ಆಮೇಲೆ, ‘ಆಯ್ತು, ನಡೀರಿ’ ಅಂದ್ರು. ಅಷ್ಟೇ.”

“ಅಷ್ಟೇನಾ?”

“ನಮ್ಮ ಯಜಮಾನ್ರು ಬಿಡ್ತಾರಾ? ಮೂಲೆ ತಿರುಗಿದ ಮೇಲೆ ‘ಯಾರ್ರೀ ಆ ಹೆಂಗಸು’ ಅಂತ ಕೇಳಿದ್ರು. ‘ನನ್ನ ಹೆಂಡ್ತಿ. ಬೆಳಿಗ್ಗೆ ಆರಕ್ಕೆ ಮಿಷಿನ್ ಮೇಲೆ ತಲೆ ಬಗ್ಗಿಸಿದ್ರೆ ಕತ್ತಲಾಗೋವರೆಗೂ ಎತ್ತಲ್ಲ. ಕತ್ತು ನೋವು, ಬೆನ್ನು ನೋವು. ಎದ್ದು ನಿಂತ್ಕೋ ಅಂತ ಡಾಕ್ಟರ್ ಹೇಳಿದ್ರೂ ಕೇಳಲ್ಲ, ನಾನು ಹೇಳಿದ್ರಂತೂ ಕೇಳೋದೇ ಇಲ್ಲ. ಬೈಯೋಕಾದ್ರೆ ಎದ್ದು ಬರ್ತಾಳೆ,’ ಅಂದ್ರು. ‘ನಿಜ ಹೇಳಿಬಿಡಬಾರದಾ’ ಅಂದೆ ನಾನು. ‘ಹೇಳಿದ್ರೆ ನಾಳೆಯಿಂದ ಕಿಟಕೀನೇ ತೆಗೆಯಲ್ಲ ಸಿಸ್ಟರ್, ನಿಮಗೆ ಅವಳು ಗೊತ್ತಿಲ್ಲ’ ಅಂದ್ರು.”

ಟೈಲರಮ್ಮ ತನ್ನ ಕತ್ತಿನ ಹಿಂಭಾಗವನ್ನು ಮುಟ್ಟಿ ನೋಡಿಕೊಂಡಳು. “ನಿಜ,” ಎಂದಳು. “ತೆಗೀತಾನೇ ಇರ್ಲಿಲ್ಲ.” ಸೆರಗು ಕೊಡವಿ ಏಳುತ್ತ, “ಕಳ್ಳ!” ಎಂದಳು.

ವಾಪಸು ಬರುವಾಗ ಆಕೆ ಎಲ್ಲರಿಗಿಂತ ಮುಂದೆ ನಡೆದಳು. ಮೀಸೆಯ ಜಗಳ ಹಿಂದೆ ಇನ್ನೂ ನಡೆದೇ ಇತ್ತು. ಗಲ್ಲಿಗೆ ತಿರುಗಿ, ಮನೆಯ ಮೆಟ್ಟಿಲ ಬಾಗಿಲು ದಾಟಿ, ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತುಬಿಟ್ಟಳು. ಇಷ್ಟು ವರ್ಷ ಬಟ್ಟೆಯ ಗಂಟು ಹೊತ್ತು ತಲೆ ತಗ್ಗಿಸಿ ಒಳಗೆ ಹೋದದ್ದೇ ಹೊರತು, ಇಲ್ಲಿ ನಿಂತು ಮೇಲೆ ನೋಡಿದ್ದೇ ಇಲ್ಲ. ಎರಡನೆಯ ಮಹಡಿ. ಹಸಿರು ಬಣ್ಣ ಸುಲಿದ ಕಿಟಕಿ. ಮುಚ್ಚಿತ್ತು.

“ಏನಾಯ್ತು ಟೈಲರಮ್ಮ? ತಲೆ ಸುತ್ತುತ್ತಾ?” ಎಂದು ಬೇಕರಿ ಅಕ್ಕ ಓಡಿ ಬಂದಳು.

“ಏನಿಲ್ಲ. ಎಲ್ಲರೂ ಇಲ್ಲಿ ಬನ್ನಿ, ಹತ್ತಿರ ಬನ್ನಿ. ಇಲ್ಲಿ ತೋರಿಸೋಕೆ ಏನೂ ಇಲ್ಲ,” ಎಂದಳು ಆಕೆ. “ಮೂರು ಎಣಿಸ್ತೀನಿ. ಜೋರಾಗಿ ನಗಬೇಕು. ಯಾಕೆ ಅಂತ ಕೇಳಬೇಡಿ.”

ಕಟಿಂಗ್ ಅಂಗಡಿಯವನು ಕಕ್ಕಾಬಿಕ್ಕಿಯಾಗಿ ತಾತನ ಮುಖ ನೋಡಿದ. ತಾತ ನರ್ಸಮ್ಮನ ಮುಖ ನೋಡಿದ. ನರ್ಸಮ್ಮ ಆಗಲೇ ನಗಲು ಉಸಿರು ತುಂಬಿಕೊಳ್ಳುತ್ತಿದ್ದಳು.

“ಈಗ ಗಂಟೆ ಹನ್ನೆರಡೂವರೆ,” ಎಂದ ತಾತ, ಅಭ್ಯಾಸಬಲದಿಂದ.

“ಇರ್ಲಿ. ಒಂದು... ಎರಡು...”

ಮೊದಲು ನಕ್ಕವನು ತಾತನೇ. ಕೀಲಿ ತುಂಬಿದ ಅಲಾರಮ್ಮಿನಂಥ ಕೃತಕ ನಗು. ಅದನ್ನು ಕೇಳಿ ಬೇಕರಿ ಅಕ್ಕನಿಗೆ ನಿಜವಾದ ನಗು ಬಂತು. ಅವಳಿಂದ ಕಟಿಂಗ್ ಅಂಗಡಿಯವನಿಗೆ, ಅವನಿಂದ ಹಿಂದಿನವರಿಗೆ. ಸ್ವಲ್ಪ ಹೊತ್ತಿಗೆ ನಲವತ್ತು ಜನವೂ ಗೋಡೆ ಹಿಡಿದು, ಹೊಟ್ಟೆ ಹಿಡಿದು ನಗುತ್ತಿದ್ದರು.

ಮೇಲೆ ಚಿಲಕ ಕಿರ್ರೆಂದಿತು. ಕಿಟಕಿಯ ಒಂದು ಬಾಗಿಲು ಸಿಕ್ಕಿಕೊಂಡು, ಗುದ್ದಿದ ಮೇಲೆ ತೆರೆಯಿತು. ಕೂದಲು ಬಿಚ್ಚಿಹೋದ, ಕೂಸು ಹಾಲು ಕಕ್ಕಿದ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡ ಮಗಳು ಸೊಂಟದವರೆಗೂ ಹೊರಗೆ ಬಾಗಿದಳು.

“ಯಾರ್ರೀ ಅದು! ಈಗ ತಾನೆ ಮಲಗಿಸಿದ್ದೀನಿ ಕೂಸನ್ನ, ಒಂದು ಗಂಟೆಯಿಂದ ತೂಗಿ ತೂಗಿ ಕೈ ಬಿದ್ದುಹೋಗಿದೆ! ನಿಮಗೇನು ಮನೆಮಠ ಇಲ್ವಾ? ಹೊತ್ತು ಗೊತ್ತು...” ಎಂದವಳು ಕೆಳಗೆ ನಿಂತವರನ್ನು ಕಂಡು ತಡೆದಳು. “ಅಮ್ಮಾ? ನೀನೇನು ಮಾಡ್ತಿದ್ದೀಯ ಅಲ್ಲಿ?”

ಬಿಸಿಲು ನೇರ ಅವಳ ಮುಖದ ಮೇಲೆ ಬಿದ್ದಿತ್ತು. ಹುಬ್ಬು ಗಂಟಿಕ್ಕಿತ್ತು, ಬೈಗುಳ ಅರ್ಧಕ್ಕೇ ನಿಂತ ಬಾಯಿ ಹಾಗೇ ತೆರೆದಿತ್ತು. ಒಳಗೆ ಕೂಸು ಎದ್ದು ರಾಗ ತೆಗೆಯಿತು. ಕೆಳಗೆ ನಗು ನಿಂತು, ಜನ ಮುಂದೇನು ಎಂಬಂತೆ ಕಾಯುತ್ತಿದ್ದರು. ಟೈಲರಮ್ಮ ಕತ್ತು ಮೇಲೆತ್ತಿಕೊಂಡು ನೋಡುತ್ತಲೇ ಇದ್ದಳು. “ಆಯ್ತು, ನಡೀರಿ” ಎನ್ನುವುದು ಇನ್ನೂ ಬಾಕಿಯಿತ್ತು.