ಶಾಸನ ಉದ್ಯಾನದ ಕಲ್ಲು

ಮೌಲ್ಯಮಾಪನ ಸಮಿತಿ ಬರುತ್ತದೆ ಅಂದ ಕೂಡಲೇ ನಮ್ಮ ವಿಶ್ವವಿದ್ಯಾಲಯಕ್ಕೆ ಮದುವೆ ಮನೆಯ ಕಳೆ ಬಂತು. ವರ್ಷವಿಡೀ ಬೀಗ ಹಾಕಿಕೊಂಡಿದ್ದ ಪ್ರಯೋಗಾಲಯ ಬಾಗಿಲು ತೆರೆಯಿತು. ಹಿರಿಯೂರಿನಿಂದ ಹೂಕುಂಡಗಳು ಬಾಡಿಗೆಗೆ ಬಂದವು. ಹುಡುಗರೇ ಇಲ್ಲದ ವಿಭಾಗಗಳಲ್ಲಿ ಬೇರೆ ವಿಭಾಗದ ಹುಡುಗರನ್ನು ಕೂರಿಸಿದರು. ಹುಡುಗಿಯರ ಹಾಸ್ಟೆಲ್ಲಿನ ನಲ್ಲಿಯಲ್ಲಿ ನೀರು ಬಂತು. ಮತ್ತೆ ಬರುತ್ತದೋ ಇಲ್ಲವೋ ಅಂತ ಅವರು ಲೋಟ ಸಮೇತ ತುಂಬಿಟ್ಟುಕೊಂಡರು.

ಸಂಸ್ಥೆಯ ಕಿರುಪರಿಚಯ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನಾನು ದಾಕ್ಷಾಯಿಣಿ, ಇತಿಹಾಸದ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಉಪಚಾರ ಮಾತ್ರ ಇಲ್ಲ. ಪಾಠ, ಕ್ಯಾಂಪಸ್ಸು, ಹಿನ್ನೆಲೆ ಎಲ್ಲ ಎರಡು ಪುಟದಲ್ಲಿ ಮುಗಿಯಬೇಕಂತೆ. "ಸುಳ್ಳು ಬ್ಯಾಡ ಮೇಡಂ, ಒಂಚೂರು ಚೆಂದಾಗಿ ಬರೀರಿ ಅಷ್ಟೆ," ಅಂದರು ಕುಲಸಚಿವ ಗಂಗಾಧರಪ್ಪ. ಬರೆದೆ. ಬರೆಯುತ್ತ ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಆ ಎರಡು ಪುಟದಲ್ಲಿ ನಿಜವಾಗಿದ್ದದ್ದು ಒಂದೇ ಮಾತು: ನಮ್ಮಲ್ಲೊಂದು ಶಾಸನವಿದೆ. ಮಾಡದಕೆರೆಯ ಓಬಳೇಶಪ್ಪ ಎಂಬ ಮುದುಕರ ಹೊಲದಲ್ಲಿದ್ದ ಕಲ್ಲು ಅದು. ಯಾವುದೋ ಕಾಲದಲ್ಲಿ ಒಬ್ಬ ಹೆಂಗಸು ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅವರ ಮನೆಯವರು ಅದನ್ನು ಕೆರೆಯವ್ವ ಅಂತ ಕರೆದು ಅರಿಶಿನ ಹಚ್ಚುತ್ತಿದ್ದರು. ರಸ್ತೆ ಅಗಲ ಮಾಡುವವರ ಕೈಗೆ ಸಿಕ್ಕಿ ಪುಡಿಯಾದೀತೆಂದು ಮುದುಕರೇ ಟ್ರ್ಯಾಕ್ಟರಿಗೆ ಹುಲ್ಲು ಹಾಸಿ ತಂದು ನಮಗೆ ಒಪ್ಪಿಸಿದ್ದರು. "ಅವ್ವನ ಹೆಸರು ಏನಂತ ಓದಿ ಹೇಳ್ರಿ, ಅಷ್ಟು ಸಾಕು," ಅಂದಿದ್ದರು.

ಹೆಸರಿದ್ದ ಸಾಲೇ ಸವೆದಿತ್ತು. ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆದರೆ ಅಂಥ ಅಕ್ಷರವೂ ಎದ್ದು ಬರುತ್ತದೆ. ಎಂ.ಎ.ಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಫರೀಹಾ ಈಗ ತನ್ನ ಪಿಎಚ್.ಡಿ.ಗೆ ಆ ಕಲ್ಲನ್ನೇ ನೆಚ್ಚಿಕೊಂಡಿದ್ದಳು. ಚಿತ್ರದುರ್ಗದಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಹಳೆಯ ಲಿಪಿಯನ್ನು ನಾವು ಮೊಬೈಲ್ ಮೆಸೇಜು ಓದಿದಷ್ಟು ಸಲೀಸಾಗಿ ಓದುತ್ತಾಳೆ. "ಹೆಸರು ನಾನು ಓದಿ ಹೇಳ್ತೀನಿ ಅಜ್ಜ," ಅಂತ ಮುದುಕರಿಗೆ ಮಾತು ಕೊಟ್ಟಿದ್ದಳು. ಅಚ್ಚು ತೆಗೆಯಲು ಅನುಮತಿ ಕೇಳಿ ಹೋದಾಗಲೆಲ್ಲ ಗಂಗಾಧರಪ್ಪನವರದು ಒಂದೇ ಉತ್ತರ: "ಅದು ಯೂನಿವರ್ಸಿಟಿ ಆಸ್ತಿ ಕಣಮ್ಮ, ಹಂಗೆಲ್ಲ ಮುಟ್ಟಂಗಿಲ್ಲ. ಮೀಟಿಂಗ್‌ನಾಗೆ ಇಡಾಣ."

ಸಮಿತಿ ಬಂದ ದಿನವೇ 'ಶಾಸನ ಉದ್ಯಾನ'ದ ಉದ್ಘಾಟನೆ. ಇರುವುದು ಒಂದು ಶಾಸನ, ಅದಕ್ಕೊಂದು ಉದ್ಯಾನ. ಕಲ್ಲು ಕೊಟ್ಟವರೆಂದು ಓಬಳೇಶಪ್ಪನವರನ್ನು ಕರೆಸಿ ಶಾಲು ಹೊದಿಸಿದರು. ಅವರ ಕೈಯಲ್ಲಿ ಅರಿಶಿನದ ಪೊಟ್ಟಣವಿತ್ತು. ಸಮಿತಿಯ ಅಧ್ಯಕ್ಷರು ಉತ್ತರದ ಕಡೆಯವರು, ಕನ್ನಡದ ಗಂಧವಿಲ್ಲ. ಅವರೇ ಪರದೆ ಸರಿಸಿದರು.

ನುಣ್ಣನೆಯ ಕಲ್ಲು. ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ಶಾಸನ ಉದ್ಯಾನ ಅಂತ ಮೇಲೆ, ಆಮೇಲೆ ಕುಲಪತಿಗಳ ಹೆಸರು, ಅಧ್ಯಕ್ಷರ ಹೆಸರು, ಕೊನೆಗೆ ಗಂಗಾಧರಪ್ಪನವರ ಹೆಸರು. ಇದು ಹೊಸ ಕಲ್ಲು, ನಮ್ಮದು ಪಕ್ಕದಲ್ಲೆಲ್ಲೋ ಇರಬೇಕು ಅಂತ ಕಣ್ಣಾಡಿಸಿದೆ. ಇರಲಿಲ್ಲ. ಈ ಕಲ್ಲಿನ ಬುಡ ನೋಡಿದರೆ ಅಲ್ಲಿ ಹಳೆಯ ಅಕ್ಷರದ ಎರಡು ಸಾಲು ಹಾಗೇ ಉಳಿದಿದ್ದವು. ನುಣ್ಣಗೆ ಉಜ್ಜಿದ್ದು ಕೆರೆಯವ್ವನನ್ನೇ.

"ಏನ್ ಸಾರ್ ಇದು?" ಅಂದೆ, ಗಂಗಾಧರಪ್ಪನವರ ಪಕ್ಕಕ್ಕೆ ಹೋಗಿ.

"ಆರ್ಡರ್ ಕೊಟ್ಟ ಕಲ್ಲು ಬರಲಿಲ್ಲ ಮೇಡಂ. ಇದು ಹೆಂಗೂ ಸವೆದೋಗಿತ್ತು, ಏನೂ ಕಾಣ್ತಿರಲಿಲ್ಲ. ಪಾಲಿಶ್ ಹೊಡ್ಸಿ ಬರ್ಸಿದ್ವಿ. ಕಲ್ಲೇನು ಎಲ್ಲಿಗೂ ಹೋಗಿಲ್ಲ, ಇಲ್ಲೇ ಐತಲ್ಲ!"

ಥೂ! ಬೇಲಿಯೇ ಎದ್ದು ಹೊಲ ಮೇಯ್ದು, ಮೇಲೆ ತೇಗುತ್ತಿತ್ತು. ಕಾಗದ ಅಂಟಿಸಲು ಒಲ್ಲೆ ಅಂದವರು ಮಿಷನ್ ಹಿಡಿದು ಉಜ್ಜಿಸಿದ್ದರು. ಆ ನಗುವ ಮುಖ ನೋಡಲು ನನಗೆ ಅಸಹ್ಯವಾಯಿತು.

ಅಧ್ಯಕ್ಷರು ಬುಡದ ಸಾಲುಗಳನ್ನು ತೋರಿಸಿ ಇದೇನು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಗಂಗಾಧರಪ್ಪನವರಿಗೆ ಹುರುಪು ಬಂತು. "ನಮ್ಮ ರಿಸರ್ಚ್ ಸ್ಟೂಡೆಂಟ್ ಸರ್. ಓದಮ್ಮ, ಓದು," ಅಂತ ಫರೀಹಾಳನ್ನು ಮುಂದೆ ಕರೆದರು.

ಅವಳು ಕಲ್ಲಿನ ಮುಂದೆ ಕೂತು ಗಟ್ಟಿಯಾಗಿ ಓದಿದಳು. "ಈ ಧರ್ಮಕೆ ಆರು ತಪ್ಪಿದರೂ ಗಂಗೆಯ ತಡಿಯಲಿ ಕಪಿಲೆಯ ಕೊಂದ ಪಾಪದಲಿ ಹೋಹರು." ಇದನ್ನು ಕೆಡಿಸಿದವರಿಗೆ ಗಂಗೆಯ ದಡದಲ್ಲಿ ಹಸು ಕೊಂದ ಪಾಪ ಅಂತ ಅದರ ಅರ್ಥ.

"ಬ್ಲೆಸಿಂಗ್ಸ್ ಸರ್," ಅಂದರು ಗಂಗಾಧರಪ್ಪ. ಅಧ್ಯಕ್ಷರು ತಲೆದೂಗಿ ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಎಲ್ಲರೂ ತಟ್ಟಿದರು.

ಓಬಳೇಶಪ್ಪ ತಟ್ಟಲಿಲ್ಲ. ಎದ್ದು ಬಂದು ಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. "ಅವ್ವನ ಹೆಸರು ಓದ್ತೀನಿ ಅಂದಿದ್ದಲ್ಲ ಮಗಾ," ಅಂದರು. "ಎಲ್ಲೈತೆ ಅದು?"

ಫರೀಹಾ ಕುಲಪತಿಗಳ ಹೆಸರಿನ ಮೇಲೆ ಬೆರಳಿಟ್ಟಳು. ಬಣ್ಣ ಇನ್ನೂ ಆರಿರಲಿಲ್ಲ.

"ಇಲ್ಲಿತ್ತು ಅಜ್ಜ."

ಮುದುಕರು ಅರಿಶಿನದ ಪೊಟ್ಟಣ ಬಿಚ್ಚಲು ಹೋಗಿದ್ದರು. ಹಾಗೇ ಮಡಚಿ ಜೇಬಿಗೆ ಹಾಕಿಕೊಂಡರು.