ಕರೆವ್ವನ ಗಂಡನ ಹೆಸರು

ಕಾಂಚನಾಳ ಗಂಡನ ದಿನಕರ್ಮಕ್ಕೆ ಬಂದಿದ್ದ ಬೀಗರೆಲ್ಲ ಬಸ್ಸು ಹತ್ತಿ ಹೋದ ಮರುದಿನ ಬನಹಟ್ಟಿಯ ಆ ಓಣಿಗೆ ಸಾದಾ ಬೆಳಗು ವಾಪಸ್ಸು ಬಂತು. ಮೊದಲು ಯಾವುದೋ ಒಂದು ಮನೆಯ ಮಗ್ಗ ಅಂಜುತ್ತ ಅಂಜುತ್ತ ಕಟಕಟ ಎಂದಿತು. ಯಾರೂ ಬೈಯಲಿಲ್ಲ ಎಂದು ಖಾತ್ರಿಯಾದ ಮೇಲೆ ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. ಕಾಂಚನಾಗೆ ಅದು ಒಳ್ಳೆಯದೇ ಆಯಿತು. ಆ ಗದ್ದಲದಲ್ಲಿ ಯಾರಿಗೂ ಸಮಾಧಾನ ಹೇಳಲು ಬರುವುದಿಲ್ಲ.

ಅವಳ ಗಂಡ ಮಗ್ಗ ರಿಪೇರಿಯವನು. ರಬಕವಿಯಿಂದ ತೇರದಾಳದವರೆಗೆ ಯಾವ ಪಾವರ್‌ಲೂಮು ಕೆಮ್ಮಿದರೂ ಅವನಿಗೇ ಫೋನು. ಕೈಗುಣ ಛಲೋ, ರಿಪೇರಿಯ ಹತ್ಯಾರ ಮಾತ್ರ ಮಂದಿಯವು. ಒಂದು ಮನೆಯಲ್ಲಿ ಎರವಲು ತಂದದ್ದನ್ನು ಇನ್ನೊಂದು ಮನೆಯಲ್ಲಿ ಬಳಸಿ ಮತ್ತೊಂದು ಮನೆಯಲ್ಲಿ ಮರೆತು ಬರುವುದು ಅವನ ಪದ್ಧತಿ. ನಿನ್ನ ಚೀಲದಲ್ಲಿ ನಿನ್ನದು ಅಂತ ಇರುವುದು ಚೀಲ ಒಂದೇ ಎಂದು ಕಾಂಚನಾ ಕಾಡಿಸುತ್ತಿದ್ದಳು. ಚೀಲವೂ ನಿಮ್ಮಪ್ಪನದು ಎಂದು ಅವನು ತಿದ್ದುತ್ತಿದ್ದ. ಹೋದ ವಾರದ ಹಿಂದಿನ ವಾರ ರಾತ್ರಿ, ಹಿಂಬದಿಗೆ ದೀಪವಿಲ್ಲದ ಒಂದು ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಗುದ್ದಿ ಅವನು ಅಲ್ಲೇ ತೀರಿಕೊಂಡಿದ್ದ. ದೀಪ ನಿನ್ನೆಯವರೆಗೂ ಉರಿಯುತ್ತಿತ್ತು ಎಂದು ಡ್ರೈವರ್ ಹೇಳಿದನಂತೆ.

ಮಾತಾಡಿಸಲು ಬಂದವರು ಕಣ್ಣೊರೆಸಿಕೊಂಡು, ಚಹಾ ಕುಡಿದು, ಹೊಸ್ತಿಲು ದಾಟುವಾಗ ದನಿ ತಗ್ಗಿಸಿ ತಮ್ಮ ತಮ್ಮ ಹತ್ಯಾರ ಕೇಳಿ ಒಯ್ದಿದ್ದರು. ಕೊನೆಗೆ ಒಂದು ಪಾನಾ ಉಳಿಯಿತು. ನಟ್ಟು ಬಿಚ್ಚುವ ದೊಡ್ಡ ಕಬ್ಬಿಣದ ಪಾನಾ. ಹಿಡಿಗೆ ಹಸಿರು ನೂಲು ಸುತ್ತಿತ್ತು. ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ಅತ್ತೆ ಯಲ್ಲವ್ವ ಅದನ್ನು ಕಾಂಚನಾಳ ಮುಂದೆ ಇಟ್ಟಳು. ಹೋದವರ ಹೆಸರಿನ ಮೇಲೆ ಮಂದಿಯ ಸಾಮಾನು ಉಳಿಯಬಾರದು, ಡ್ಯೂಟಿಗೆ ಹೋಗುವವಳು ದಾರಿಯಲ್ಲಿ ಕೇಳುತ್ತ ಹೋಗು ಎಂದಳು. ಸೊಸೆಯನ್ನು ಇಷ್ಟು ಬೇಗ ಡ್ಯೂಟಿಗೆ ಕಳಿಸಲು ಯಲ್ಲವ್ವನಿಗೆ ಮನಸ್ಸಿರಲಿಲ್ಲ. ಆದರೆ ಸೊಸೆ ಮನೆಯಲ್ಲಿ ಕೂತು ಗೋಡೆ ನೋಡುವುದನ್ನು ನೋಡುತ್ತ ಕೂರುವುದಕ್ಕೂ ಅವಳಿಗೆ ಮನಸ್ಸಿರಲಿಲ್ಲ. ಕಾಂಚನಾ ದಾರಿಯ ಚಹಾ ಅಂಗಡಿಯಲ್ಲಿ ಕೇಳಿದಳು, ನೂಲಿನ ಅಂಗಡಿಯಲ್ಲಿ ಕೇಳಿದಳು. ನಮ್ಮದಲ್ಲ ಎಂದರು. ಪಾನಾ ಅವಳ ಜೊತೆ, ಅವಳು ನರ್ಸಾಗಿದ್ದ ದವಾಖಾನೆಗೇ ಬಂತು.

ಹೆಂಗಸರ ವಾರ್ಡಿನ ಹಿರಿಯ ಸಿಸ್ಟರ್ ಸಂಧ್ಯಾ ಮುಧೋಳದವಳು. ಕಾಯ್ದೆ ಎಂದರೆ ಅವಳಿಗೆ ತವರುಮನೆ ಇದ್ದಂತೆ, ಯಾವ ಮಾತು ಎತ್ತಿದರೂ ಕೊನೆಗೆ ಅಲ್ಲಿಗೇ ಹೋಗುತ್ತಾಳೆ. ಥರ್ಮಾಮೀಟರ್ ಒಡೆದರೂ ಕೋರ್ಟು ಕಾಣುತ್ತದೆ. ಡಾಕ್ಟರು ಬರೆದಿರಬಹುದು, ಆದರೆ ಸೂಜಿ ಹಿಡಿದ ಕೈ ನಮ್ಮದು, ಜವಾಬು ಕೊಡಬೇಕಾದ ಬಾಯಿಯೂ ನಮ್ಮದೇ ಎನ್ನುವುದು ಅವಳ ನಿತ್ಯದ ಮಂತ್ರ. ಕಿರಿಯ ನರ್ಸುಗಳು ಅವಳನ್ನು ಹಿಂದಿನಿಂದ ವಕೀಲಬಾಯಿ ಎನ್ನುತ್ತಿದ್ದರು. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೆ ಇಷ್ಟವೂ ಇತ್ತು.

ಅವಳು ಕಾಂಚನಾಳ ಕೈ ಹಿಡಿದಳು. ಚೀಲದಿಂದ ಇಣುಕುತ್ತಿದ್ದ ಪಾನಾ ನೋಡಿ, ಇದು ಯಾರ ತಲೆಗೆ ಎಂದು ಕೇಳಿದಳು. ಆಮೇಲೆ ಮಾತು ತೂಗಿ ಹೇಳಿದಳು.

"ನೋಡು ಕಾಂಚನಾ, ಇವತ್ತ ನೀ ಸೂಜಿ ಮುಟ್ಟಬ್ಯಾಡ. ಜ್ವರ ನೋಡು, ಬಿಪಿ ನೋಡು. ಕೈ ಇಲ್ಲಿ, ಮನಸ್ಸು ಎಲ್ಲೋ ಇಟ್ಟು ಕೆಲಸ ಮಾಡಿದರ ಅದಕ್ಕ ಕಾಯ್ದೇದಾಗ ಒಂದ ಹೆಸರೈತಿ. ದುಃಖ ಇತ್ರಿ ಅಂದರ ಜಡ್ಜ್ ಕೇಳೂದಿಲ್ಲ."

"ಮನಸ್ಸು ಇಲ್ಲೇ ಐತ್ರಿ."

"ಇದ್ದರ ಛಲೋ ಆತು. ಇಲ್ಲಂದರ ಸಂಜಿಕ ನಾನ ರಜೆ ಬರಸಿ ಮನಿಗೆ ಕಳಸ್ತೇನಿ. ಎರಡ ತಿಂಗಳ ಈ ಕಡೆ ಮಾರಿ ತೋರಸಬ್ಯಾಡ."

ಎರಡು ತಿಂಗಳು. ಕಾಂಚನಾಳ ಕಣ್ಣ ಮುಂದೆ ಮನೆಯ ಗೋಡೆ ಬಂತು. ಗೋಡೆಯಲ್ಲಿ ಅವನು ಅಂಗಿ ನೇತುಹಾಕುತ್ತಿದ್ದ ಮೊಳೆ ಬಂತು. ಅವಳು ಬಿಪಿ ಪಟ್ಟಿ ಎತ್ತಿಕೊಂಡು ನಡೆದಳು.

ಹತ್ತು ಗಂಟೆಯ ಹೊತ್ತಿಗೆ ಒಂದು ಹೆರಿಗೆ ಬಂತು. ಮಗು ಅಡ್ಡ. ಸಂಧ್ಯಾ ಅತ್ತ ಓಡಬೇಕಾಯಿತು, ಉಳಿದ ನರ್ಸೊಬ್ಬಳು ಡಾಕ್ಟರ ಜೊತೆ ಇದ್ದಳು. ಬಾಗಿಲಲ್ಲೇ ನಿಂತು ಸಂಧ್ಯಾ ಕಾಂಚನಾಳನ್ನು ಒಂದು ಗಳಿಗೆ ನೋಡಿದಳು. ಸಾಲ ಕೊಡುವ ಮೊದಲು ಸಾಹುಕಾರರು ನೋಡುತ್ತಾರಲ್ಲ, ಹಾಗೆ. ಮೂರನೆಯ ಕಾಟಿನ ಕರೆವ್ವನಿಗೆ ಕಾಲಿನ ಗಾಯಕ್ಕೆ ಬರೆದ ಸೂಜಿ ಈಗಲೇ ಆಗಬೇಕು, ನೀನೇ ತುಂಬು, ನೀನೇ ಹಾಕು ಎಂದು ಹೇಳಿ ಹೋದಳು.

ಕಾಂಚನಾ ಕೈ ತೊಳೆದಳು. ಬರೆದದ್ದನ್ನು ಓದಿದಳು, ಔಷಧದ ಸೀಸೆ ಓದಿದಳು, ಮತ್ತೊಮ್ಮೆ ಓದಿದಳು. ಸೂಜಿ ತುಂಬಿದಳು.

ಮೂರನೆಯ ಕಾಟಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬಳು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು, ಸೆರಗು ಹೊದ್ದು ಕೂತಿದ್ದಳು. ಹೆಸರು ಕೇಳಿದರೆ ಕರೆವ್ವ ಎಂದಳು. ಸರಿ. ಆದರೆ ಈ ಸೀಮೆಯಲ್ಲಿ ಕರೆವ್ವ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ವಯಸ್ಸು ಕೇಳಿದರೆ ಗುರ್ತಿಲ್ಲ ಎನ್ನುತ್ತಾರೆ. ಅದಕ್ಕೇ ವಾರ್ಡಿನಲ್ಲಿ ಎರಡನೆಯ ಗುರುತು ಗಂಡನ ಹೆಸರು. ಆ ಹೆಸರನ್ನು ನರ್ಸು ತಾನಾಗಿ ಹೇಳಿ ಹೌದೇ ಎಂದು ಕೇಳಬಾರದು, ನಮ್ಮ ಮಂದಿ ಸೂಜಿಯ ಹೆದರಿಕೆಗೆ ಏನು ಕೇಳಿದರೂ ಹ್ಞೂಂ ಎನ್ನುತ್ತಾರೆ ಎಂಬುದು ಸಂಧ್ಯಾಳ ಕಟ್ಟಳೆ.

ಕಾಂಚನಾ ಕೇಳಿದಳು. ಕರೆವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ ತಲೆಮಾರು ಅದು. ಮದುವೆ, ಸೀಮಂತಗಳಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ ಬಿಡದೆ ಕಾಡಿದರೆ ಮಾತ್ರ ಒಡಪು ಕಟ್ಟಿ, ಎರಡು ಸಾಲಿನ ಪದ್ಯದೊಳಗೆ ಆ ಹೆಸರನ್ನು ಮುಚ್ಚಿಟ್ಟು ಹೇಳುವುದುಂಟು. ದವಾಖಾನೆಯಲ್ಲಿ ಯಾವ ಸೀಮಂತ?

ಪಕ್ಕದ ಕಾಟಿನಲ್ಲಿದ್ದ ತನ್ನ ಅತ್ತೆಯನ್ನು ನೋಡಿಕೊಳ್ಳಲು ಬಂದಿದ್ದ ಶೇವಂತಿ ಕಾಂಚನಾಳ ಓಣಿಯವಳೇ. ಕಾಟಿಗೆ ತೂಗುಹಾಕಿದ ಕಾಗದದಲ್ಲಿ ಹೆಸರು ಬರೆದಿದೆಯಲ್ಲ, ನೋಡಿ ಹಾಕಿಬಿಡ್ರಿ ಎಂದು ಅವಳು ಕರುಣೆಯಿಂದ ಹೇಳಿದಳು. ಕಾಗದದಲ್ಲಿ ಬರೆದದ್ದು ನಿಜ: ಗಂಡ ಶಂಕರೆಪ್ಪ, ಊರು ಬೀಳಗಿ. ಸೂಜಿ ತುಂಬಿದೆ. ಹೊತ್ತು ಮೀರುತ್ತಿದೆ. ಮುದುಕಿ ನಗುತ್ತಿದ್ದಾಳೆ. ನಗು ಹೌದೂ ಅಲ್ಲ, ಅಲ್ಲವೂ ಅಲ್ಲ. ಇಲ್ಲಿ ತಡವಾದರೆ ಸಂಧ್ಯಾ ಬಂದು, ಒಂದು ಸೂಜಿಗೆ ಇಷ್ಟು ಹೊತ್ತೇ ಎಂದು ರಜೆ ಅರ್ಜಿ ತೆಗೆಯುತ್ತಾಳೆ. ನಿನ್ನೆಯವರೆಗೂ ಉರಿಯುತ್ತಿತ್ತು ಎಂಬ ಮಾತು ಯಾಕೋ ಕಾಂಚನಾಗೆ ನೆನಪಾಯಿತು. ಅವಳು ಸೂಜಿಯನ್ನು ಟ್ರೇದಲ್ಲಿ ಇಟ್ಟಳು.

"ಹೆಸರ ಹೇಳದನ ನಾ ಸೂಜಿ ಹಾಕೂದಿಲ್ಲ, ಯವ್ವಾ."

"ಅಯ್ಯ, ಕಲತಾಕಿ ಕಾಣ್ತಿ, ಗಂಡನ ಹೆಸರ ಹೇಳಾಕ ನಿನಗೇನ ಅಡ್ಡಿ," ಎಂದಳು ಕರೆವ್ವ. ಅವಳಿಗೆ ಆಟ ಹಿಡಿಸಿತ್ತು. "ಮೊದಲ ನಿನ್ನ ಗಂಡನ ಹೆಸರ ಹೇಳು. ನೀ ಹೇಳಿದರ ನಾನೂ ಹೇಳ್ತೇನಿ."

ಶೇವಂತಿ ನೀರಿನ ತಂಬಿಗೆಯನ್ನು ಬಾಯಿಗೆ ಎತ್ತಿದವಳು ಹಾಗೇ ನಿಂತಳು. ಕೆಮ್ಮುತ್ತಿದ್ದವರು ಕೆಮ್ಮು ನುಂಗಿದರು. ಕಾಂಚನಾಳ ಗಂಡ ಹೋದದ್ದು ಇಡೀ ವಾರ್ಡಿನಲ್ಲಿ ಗೊತ್ತಿಲ್ಲದವಳು ಆ ಒಬ್ಬಳೇ.

ಕಾಂಚನಾ ಆ ಹೆಸರನ್ನು ಎಂದೂ ಹೇಳಿರಲಿಲ್ಲ. ನಂಬಿಕೆಯಿಂದಲ್ಲ, ಅತ್ತೆಯ ಮನೆಯಲ್ಲಿ ರೂಢಿಯಾಗಲಿಲ್ಲ, ಅಷ್ಟೇ. ಮದುವೆಯ ದಿನ ಒಡಪು ಹೇಳೆಂದು ಕಾಡಿದಾಗ ಹೊಗೆ ಕಣ್ಣಿಗೆ ಬಿತ್ತು ಎಂದು ಎದ್ದು ಹೋಗಿದ್ದಳು. ಮೈಯೊಳಗಿನ ಎಲುಬಿಗೆಲ್ಲ ಇಂಗ್ಲಿಷಿನ ಹೆಸರು ಹೇಳ್ತಿ, ನನ್ನ ಹೆಸರಿಗೆ ಮಾತ್ರ ನಾಲಿಗೆ ಹೊರಳುವುದಿಲ್ಲ ಎಂದು ಅವನು ನಗುತ್ತಿದ್ದ. ಒಂದು ದಿನ ಹೇಳುತ್ತೇನೆ, ನೀನು ಕೂತಲ್ಲಿಂದ ಬೀಳಬೇಕು ಎಂದು ಇವಳು ಹೇಳುತ್ತಿದ್ದಳು. ಒಡಪು ಕಟ್ಟಲು ಈಗಲೂ ಬರಲಿಲ್ಲ.

"ಮಲ್ಲಿನಾಥ," ಎಂದಳು.

ಕರೆವ್ವ ಗೆದ್ದವಳಂತೆ ತೊಡೆ ತಟ್ಟಿದಳು. ಮಾತಿಗೆ ತಪ್ಪುವ ಪೈಕಿ ಅವಳಲ್ಲ. ಸೆರಗು ಸರಿಮಾಡಿಕೊಂಡು ಸೀಮಂತದ ಮನೆಯಲ್ಲಿ ಕೂತಂತೆ ಕೂತಳು.

"ಇಳಕಲ್ ಸೀರಿಗೆ ಕೆಂಪ ಸೆರಗ, ಧರೆಪ್ಪನ ಹೆಸರ ಹೇಳತೇನಿ ದವಾಖಾನಿ ಒಳಗ."

ಕಾಂಚನಾ ಕಾಗದವನ್ನು ಇನ್ನೊಮ್ಮೆ ನೋಡಿದಳು. ಶಂಕರೆಪ್ಪ. ಆಮೇಲೆ ವಿಚಾರಿಸಿದರೆ ವಿಷಯ ಸರಳವಾಗಿತ್ತು. ಈ ಕರೆವ್ವ ತೇರದಾಳದವಳು, ಐದನೆಯ ಕಾಟಿನವಳು. ಆ ಕಾಟಿನ ತಲೆದಿಂಬು ಉತ್ತರಕ್ಕಿತ್ತು. ಉತ್ತರಕ್ಕೆ ತಲೆ ಹಾಕಿ ಹೆಣ ಮಲಗುತ್ತದೆ, ನಾನು ಮಲಗುವುದಿಲ್ಲ ಎಂದು ಅವಳು ಬೆಳಿಗ್ಗೆ ಬೀಳಗಿಯ ಕರೆವ್ವನನ್ನು ಒಪ್ಪಿಸಿ ಕಾಟು ಬದಲಿಸಿಕೊಂಡಿದ್ದಳು. ಕಾಗದಗಳು ಮಾತ್ರ ತಂತಮ್ಮ ಕಾಟಿಗೇ ನಿಷ್ಠೆಯಿಂದ ಜೋತುಬಿದ್ದಿದ್ದವು. ಐದನೆಯ ಕಾಟಿನ ಕಾಗದದ ತುದಿಗೆ, ಸೂಜಿಯಲ್ಲಿ ತುಂಬಿದ್ದ ಅದೇ ಔಷಧದ ಹೆಸರು ಬರೆದು, ಒಗ್ಗುವುದಿಲ್ಲ, ಹಿಂದೆ ಉಸಿರು ಕಟ್ಟಿತ್ತು ಎಂದು ಕೆಂಪಕ್ಷರದಲ್ಲಿತ್ತು.

ಕಾಂಚನಾ ಟ್ರೇ ಎತ್ತಿಕೊಂಡಳು.

"ಮಲ್ಲಿನಾಥ ಅಂದರ ಮಗ್ಗದ ಮೇಸ್ತ್ರಿನ ಏನು?" ಕರೆವ್ವ ಕಣ್ಣರಳಿಸಿದಳು. "ಅಲ್ಲವಾ, ಒಂದ ದಿನಕ್ಕಂತ ನಮ್ಮ ಪಾನಾ ಇಸ್ಕೊಂಡ ಹೋದಾಂವ ಪತ್ತೇನ ಇಲ್ಲ. ನಮ್ಮವರು ದಿನಾ ಬೈತಾರ. ಮನ್ಯಾಗ ಸ್ವಲ್ಪ ಕಿವಿ ಹಿಂಡು."

ಶೇವಂತಿ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಕರೆವ್ವನ ಮುಖ ನೋಡಲು ಕಾಂಚನಾ ನಿಲ್ಲಲಿಲ್ಲ. ಐದನೆಯ ಕಾಟಿಗೆ ಹೋಗಿ, ನಿದ್ದೆಯಲ್ಲಿದ್ದ ಬೀಳಗಿಯ ಕರೆವ್ವನನ್ನು ಎಬ್ಬಿಸಿದಳು. ಅವಳಿಂದಲೂ ಒಂದು ಒಡಪು ಹೇಳಿಸಿದಳು, ಅದರೊಳಗೆ ಶಂಕರೆಪ್ಪ ಬಂದ ಮೇಲೆಯೇ ಸೂಜಿ ಹಾಕಿದಳು.

ಸಂಧ್ಯಾ ಬಂದು ಎಲ್ಲ ಕೇಳಿ ಸ್ಟೂಲಿನ ಮೇಲೆ ಕೂತಳು. ಹೆರಿಗೆ ಸುಸೂತ್ರವಾಯಿತೇ ಎಂದು ಕಾಂಚನಾ ಕೇಳಿದಾಗ, ಹೆಣ್ಣು ಎಂದಳು. ಆಮೇಲೆ, ನಡೆದದ್ದನ್ನು ನಡೆದ ಹಾಗೆ ಬರೆದಿಡು ಎಂದಳು. ಬೆಳಗಿನ ಸುತ್ತಿನಲ್ಲಿ ಕಾಟು ಬದಲಾದದ್ದು ನೋಡಲಿಲ್ಲ ಅಂತ ನನ್ನ ಹೆಸರು ಹಾಕು, ಮುಚ್ಚಬೇಡ ಎಂದೂ ಸೇರಿಸಿದಳು.

"ನಾಳಿಂದ ಎಲ್ಲಾರ ಕೈಗೆ ಹೆಸರಿನ ಪಟ್ಟಿ ಕಟ್ಟೂಣು. ಕಾಟಿನ ಮ್ಯಾಲ ನಂಬಿಕಿ ಸಾಕು." ಎದ್ದವಳು ತಿರುಗಿ, "ಮತ್ತ ನೀ ನಾಳಿ ಲಗೂ ಬಾ. ಸೂಜಿ ಎಲ್ಲಾ ನಿನ್ನವ," ಎಂದಳು.

ಡ್ಯೂಟಿ ಮುಗಿದ ಮೇಲೆ ಕಾಂಚನಾ ಪಾನಾ ಹಿಡಿದು ತೇರದಾಳದ ಕರೆವ್ವನ ಮುಂದೆ ನಿಂತಳು. ಕರೆವ್ವ ಅತ್ತು ಕಣ್ಣು ಊದಿಸಿಕೊಂಡಿದ್ದಳು. ನನ್ನ ಬಾಯಿಗೆ ಬೆಂಕಿ ಬೀಳಲಿ, ಅದು ನಿನ್ನ ಹತ್ತಿರವೇ ಇರಲಿ, ನಮ್ಮವರಿಗೆ ನಾನು ಹೇಳಿಕೊಳ್ಳುತ್ತೇನೆ ಎಂದಳು.

"ಹಂಗೆಲ್ಲ ಬ್ಯಾಡ," ಎಂದಳು ಕಾಂಚನಾ. ಪಾನಾವನ್ನು ಬೆನ್ನ ಹಿಂದೆ ಹಿಡಿದಳು. "ಮೊದಲ ಎರಡ ಗುರುತ ಹೇಳು. ಹೇಳದನ ನಾ ಏನೂ ಕೊಡೂದಿಲ್ಲ, ನಿನಗ ಗೊತ್ತೈತಿ."

ಕರೆವ್ವ ಮೂಗು ಒರೆಸಿಕೊಂಡು ಅವಳ ಮುಖ ನೋಡಿದಳು. ತಮಾಷೆಯೇ ಎಂದು ಖಾತ್ರಿ ಮಾಡಿಕೊಂಡಳು.

"ಹಿಡಿಕಿಗೆ ಹಸರ ನೂಲ ಸುತ್ತೈತಿ. ನಾನ ಸುತ್ತಿದ್ದು."

"ಆತು. ಇನ್ನೊಂದು? ಯಾರ ಒಯ್ದಿದ್ದರು?"

ಹೇಳಲು ಬಾಯಿ ತೆರೆದ ಕರೆವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಮಲ್ಲಿನಾಥ," ಎಂದು ಕಾಂಚನಾಳೇ ಹೇಳಿ, ಪಾನಾವನ್ನು ಅವಳ ಉಡಿಯಲ್ಲಿ ಇಟ್ಟಳು.