ಅಕ್ಷರವಿಲ್ಲದ ಕೀಲಿಮಣೆ

ಬೆಂಕಿಕಡ್ಡಿಯ ತುದಿಗೆ ಹತ್ತಿ ಸುತ್ತಿಕೊಂಡು ನಾನು ಕೀಲಿಮಣೆಯ ಸಂದಿಗಳನ್ನು ಒರೆಸುತ್ತಿದ್ದೆ. ಮಾವ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಅಮ್ಮ ಗೋಡೆಗೆ ಒರಗಿಕೊಂಡು ಸ್ವೆಟರ್ ಹೆಣೆಯುತ್ತಿದ್ದಳು. ಕೀಲಿಗಳ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಎರಡು ವರ್ಷದ ಹಿಂದೆಯೇ ಮಾವ ಮರಳುಕಾಗದ ತಂದು ಎಲ್ಲವನ್ನೂ ಉಜ್ಜಿ ತೆಗೆದಿದ್ದರು. ಒರೆಸಿದ ಮೇಲೆ ಅವು ಮಗುವಿನ ಹಾಲುಹಲ್ಲಿನ ಹಾಗೆ ಕಂಡವು.

ಹನ್ನೊಂದು ಗಂಟೆಗೆ ನನಗೆ ಪರೀಕ್ಷೆ. ನೀರು ಸರಬರಾಜು ಕಚೇರಿಯಲ್ಲಿ ಬೆರಳಚ್ಚಿನ ಒಂದು ಜಾಗ ಖಾಲಿಯಿತ್ತು. ನಿಮಿಷಕ್ಕೆ ಮೂವತ್ತು ಪದ ಹೊಡೆದರೆ ಸಾಕು, ಶಾಲೆಯ ಸರ್ಟಿಫಿಕೇಟ್ ಕೇಳುವುದಿಲ್ಲ. ಆದರೆ ಅದು ಈ ಒಂದು ಸಲಕ್ಕೆ ಮಾತ್ರ. ಮುಂದಿನ ವರ್ಷದಿಂದ ಹತ್ತನೆಯ ತರಗತಿ ಪಾಸಾದವರು ಮಾತ್ರ ಬರಬಹುದು ಎಂದು ಪ್ರಕಟಣೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ನಾನು ಏಳನೆಯ ತರಗತಿಗೇ ಬಿಟ್ಟವಳು. ಅಮ್ಮ ಮೆಟ್ಟಿಲಿಂದ ಬಿದ್ದು ಸೊಂಟ ಮುರಿದುಕೊಂಡಾಗ, ಒಂದು ತಿಂಗಳ ಮಟ್ಟಿಗೆ ಅಂತ ಬಿಟ್ಟಿದ್ದೆ. ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ.

ಐದು ವರ್ಷದಿಂದ ನಾನು ಕಾರ್ಖಾನೆಯಲ್ಲಿ ಔಷಧಿಯ ರಟ್ಟಿನ ಡಬ್ಬಿ ಮಡಚಿ ಅಂಟಿಸುತ್ತೇನೆ. ನನಗೆ ಮಾತು ಕಡಿಮೆ, ಅದಕ್ಕೆ ಅಲ್ಲಿ ನನ್ನ ಹೆಸರು ಮೂಗಿ. ಅಂಟು ಬೆರಳಿನ ತೊಗಲನ್ನು ತಿನ್ನುತ್ತದೆ, ಮಡಚುವ ಕೆಲಸ ಗೆಣ್ಣುಗಳನ್ನು ತಿನ್ನುತ್ತದೆ. ನನ್ನ ಪಕ್ಕದಲ್ಲಿ ಕೂರುವ ಹಿರಿಯಕ್ಕನಿಗೆ ಈಗ ಲೋಟ ಹಿಡಿಯಲೂ ಎರಡು ಕೈ ಬೇಕು.

"ಮೂಗಿ, ನಿನಗಿನ್ನೂ ಬೆರಳಿವೆ, ಓಡಿಹೋಗು," ಎಂದು ಅವಳು ಆಗಾಗ ಹೇಳುತ್ತಿದ್ದಳು. ನಾನು ನಗುತ್ತಿದ್ದೆ. ಹೋದ ಚಳಿಗಾಲದಿಂದ ಬೆಳಗಿನ ಹೊತ್ತು ನನ್ನ ಬಲಗೈ ತೋರುಬೆರಳು ನೆಟ್ಟಗಾಗುವುದಿಲ್ಲ. ಅದನ್ನು ನಾನು ಯಾರಿಗೂ ಹೇಳಿಲ್ಲ.

ಮಾವ ಅಮ್ಮನ ಅಣ್ಣ. ಮೂವತ್ತು ವರ್ಷ ಬೆರಳಚ್ಚು ಕಲಿಸಿದವರು. ಕಲಿಯುವವರು ಯಾರೂ ಬಾರದೆ ತರಗತಿಗೆ ಬೀಗ ಹಾಕಿ ನಮ್ಮ ಮನೆಗೆ ಬಂದಾಗ ಅವರ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಹಲ್ಲಿನ ಡಾಕ್ಟರು ಬಿಸಾಡಿದ್ದ ಒಂದು ಕಂಪ್ಯೂಟರ್ ಇತ್ತು. ಅದು ತೆರೆದುಕೊಳ್ಳಲು ಅರ್ಧ ಗಂಟೆ ಗೊಣಗುತ್ತಿತ್ತು. ತೆರೆದ ಮೇಲೆ, ಈ ಯಂತ್ರ ಹಳೆಯದಾಯಿತು, ಹೊಸದು ಕೊಳ್ಳಿ ಎಂದು ಹೇಳಿ ನಿಂತುಬಿಡುತ್ತಿತ್ತು.

ಹಿಂದಿನ ಬೀದಿಯಲ್ಲಿದ್ದ ರಿಪೇರಿ ಅಕ್ಕನನ್ನು ಕರೆಸಿದೆವು. ಅವಳು ಪ್ಯಾಂಟಿನ ಜೇಬಿನಿಂದ ಒಂದು ಪೆನ್ ಡ್ರೈವ್ ತೆಗೆದಳು.

"ಯಂತ್ರ ಸತ್ತಿಲ್ಲ ಸರ್. ಒಳಗೆ ಕೂತು ಇದನ್ನ ನಡೆಸೋ ವ್ಯವಸ್ಥೆ ಇದಕ್ಕೆ ಹೊರೋಕಾಗದಷ್ಟು ದಪ್ಪ ಆಗಿದೆ ಅಷ್ಟೇ. ಅದನ್ನ ಎಬ್ಬಿಸಿ ಕಳಿಸಿ, ಇದನ್ನ ಕೂರಿಸ್ತೀನಿ. ಇದು ಪುಕ್ಕಟೆ. ಎಲ್ಲೆಲ್ಲಿಯೋ ಇರೋ ಜನ ಸ್ವಲ್ಪ ಸ್ವಲ್ಪ ಬರೆದು ಸೇರಿಸಿದ್ದು. ಯಾರು ಬೇಕಾದ್ರೂ ತಗೋಬಹುದು, ಬಿಚ್ಚಿ ನೋಡಬಹುದು, ತಿದ್ದಿಕೋಬಹುದು."

"ಪುಕ್ಕಟೆ ಕೊಡೋರು ಆಮೇಲೆ ಏನೋ ಕೇಳೋಕೆ ಬರ್ತಾರೆ," ಎಂದಳು ಅಮ್ಮ.

"ಅಮ್ಮ, ನಿಮ್ಮ ಹೆಣಿಗೆ ಪಕ್ಕದ ಮನೆಯೋರಿಗೆ ಹೇಳಿಕೊಟ್ರೆ ನಿಮ್ಮ ಸ್ವೆಟರ್ ಬಿಚ್ಚಿಕೊಂಡು ಹೋಗುತ್ತಾ?"

"ಯಾವನಿಗೆ ಗೊತ್ತು. ಅದಕ್ಕೇ ನಾನು ಯಾರಿಗೂ ಹೇಳಿಕೊಡಲ್ಲ."

ಅಂದು ಮಾವ ನಕ್ಕಿದ್ದು ನೆನಪಿದೆ. ಆಮೇಲೆ ಅಷ್ಟು ನಕ್ಕಿದ್ದನ್ನು ನಾನು ಕಂಡಿಲ್ಲ.

ಹೊಸ ವ್ಯವಸ್ಥೆ ಬಂದ ಮೇಲೆ ಯಂತ್ರ, ಒಲೆಯ ಮೇಲಿಟ್ಟ ನೀರು ಬೆಚ್ಚಗಾಗುವುದರೊಳಗೆ ಎದ್ದು ಕೂರುತ್ತಿತ್ತು. ಹಳೆಯದು 'ಯಾರಿದು, ಗೊತ್ತಿಲ್ಲ' ಅಂದಿದ್ದ ಮಾವನ ಹಳೆ ಪ್ರಿಂಟರನ್ನು ಇದು ಮೊದಲ ದಿನವೇ ಗುರುತು ಹಿಡಿಯಿತು. ಎರಡು ವರ್ಷದಲ್ಲಿ ಒಮ್ಮೆಯೂ ವೈರಸ್ ಹಿಡಿಯಲಿಲ್ಲ. ಕೆಲಸದ ನಡುವೆ ಅದು ಕೊಳ್ಳಿ ಇದು ಕೊಳ್ಳಿ ಎಂದು ಪೀಡಿಸಲೂ ಇಲ್ಲ. ಅಮ್ಮನ ಹೆಣಿಗೆಯ ನಮೂನೆಗಳನ್ನು ದೊಡ್ಡದು ಮಾಡಿ ಅಚ್ಚು ಹಾಕಿಕೊಟ್ಟೆ. ಯಾರಿಗೂ ಹೇಳಿಕೊಡುವುದಿಲ್ಲ ಅಂದಿದ್ದವಳು ಈಗ ಪಕ್ಕದ ಮನೆಯವರಿಗೆಲ್ಲ ಹಾಳೆ ಹಂಚುತ್ತಾಳೆ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಅದು ನನ್ನ ಭಾಷೆಯಲ್ಲಿತ್ತು. ಕಡತ, ತಿದ್ದು, ಉಳಿಸು, ರದ್ದು ಮಾಡು. ನನಗೆ ಇಂಗ್ಲಿಷ್ ಅಕ್ಷರ ಗೊತ್ತು, ಆದರೆ ಒಂದೊಂದನ್ನೇ ಕೂಡಿಸಿ ಓದುವಷ್ಟರಲ್ಲಿ ಎದುರಿಗಿದ್ದವರ ಮುಖ ಬದಲಾಗಿರುತ್ತದೆ. ಈ ಯಂತ್ರದ ಮುಂದೆ ನಾನು ಶಾಲೆ ಬಿಟ್ಟವಳು ಅಂತ ಅನ್ನಿಸುತ್ತಿರಲಿಲ್ಲ. ಗುಪ್ತಪದ, ಅಂದರೆ ಪಾಸ್‌ವರ್ಡ್, ಹಾಕುವಾಗ ರಿಪೇರಿ ಅಕ್ಕ ನನ್ನನ್ನೇ ಕೂರಿಸಿದಳು.

"ಇದಕ್ಕೆ ಅಡ್ಮಿನಿಸ್ಟ್ರೇಟರ್ ನೀನು ಕಣೇ. ಅಂದ್ರೆ ಯಜಮಾನಿ. ನೀನು ಹೂಂ ಅನ್ನದೆ ಇಲ್ಲಿ ಏನೂ ಆಗಲ್ಲ."

ನಾನು ಆ ಇಂಗ್ಲಿಷ್ ಪದವನ್ನು ನೋಡಿ ನೋಡಿ ಕಲಿತುಕೊಂಡೆ.

ತೊಂದರೆ ಬಂದದ್ದು ಕೀಲಿಗಳಲ್ಲಿ. ಮಾವ ಮೂವತ್ತು ವರ್ಷ ಕಲಿಸಿದ್ದು ಟೈಪ್‌ರೈಟರಿನ ಮೇಲೆ, ಕಂಪ್ಯೂಟರಿನಲ್ಲಿ ಅಕ್ಷರಗಳ ಜಾಗವೇ ಬೇರೆ. ಮಾವ ಎರಡು ಸಾಲು ಹೊಡೆದು, ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ತೆಗೆದರು. ರಿಪೇರಿ ಅಕ್ಕ, "ಬದಲಾಯಿಸೋಣ ಬಿಡಿ ಸರ್, ಇದರಲ್ಲಿ ಯಾವ ಬಾಗಿಲಿಗೂ ಬೀಗ ಇಲ್ಲ," ಎಂದಳು. ಯಾವ ಕೀಲಿಯ ಕೆಳಗೆ ಯಾವ ಅಕ್ಷರ ಎಂಬುದೂ ಒಂದು ಪಟ್ಟಿಯಂತೆ. ಅದನ್ನು ತೆರೆದು ತಿದ್ದಬಹುದಂತೆ. ನಾಲ್ಕು ಸಂಜೆ ಇಬ್ಬರೂ ಕೂತರು. ಮಾವ ಕಣ್ಣು ಮುಚ್ಚಿ ಮೇಜಿನ ಮೇಲೆ ಬೆರಳಾಡಿಸಿ ಹೇಳುತ್ತಿದ್ದರು, ಅವಳು ಬರೆದುಕೊಳ್ಳುತ್ತಿದ್ದಳು. ಹೋದ ಟೈಪ್‌ರೈಟರ್ ಹಾಗೇ ಮರಳಿ ಬಂತು. ಅದರ ಮೇಲೆಯೇ ನನಗೆ ಪಾಠ ಶುರುವಾಯಿತು.

"ಕೆಳಗೆ ನೋಡಿ ಹೊಡೆಯೋದು ಟೈಪಿಂಗ್ ಅಲ್ಲ, ಹುಡುಕಾಟ," ಎಂದು ಮಾವ ಮರಳುಕಾಗದ ತಂದರು.

ಅವರು ಉಜ್ಜುತ್ತಿರುವಾಗ ರಿಪೇರಿ ಅಕ್ಕ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಅಂದಳು: "ಸರ್, ಒಂದು ಮಾತು. ಹೊರಗಡೆ ಇದು ಹೀಗಿರಲ್ಲ."

"ಹೊರಗಡೆಯೋರು ಕಲೀಲಿ," ಎಂದರು ಮಾವ.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಏನು ಹೀಗಿರಲ್ಲ, ಹೊರಗಡೆ ಅಂದರೆ ಎಲ್ಲಿ ಎಂದು ಕೇಳಬೇಕು ಅನ್ನಿಸಿತು. ನಾಲಗೆ ತುದಿಗೆ ಬಂದದ್ದನ್ನು ಎಂದಿನಂತೆ ನುಂಗಿಕೊಂಡೆ. ಮರುತಿಂಗಳು ಅವಳು ಅಂಗಡಿ ಖಾಲಿ ಮಾಡಿ ಬೇರೆ ಊರಿಗೆ ಹೋದಳು.

ಎರಡು ವರ್ಷದಲ್ಲಿ ನನ್ನ ವೇಗ ನಲವತ್ತೆರಡು ಪದಕ್ಕೆ ಏರಿತು. ಮಾವ ಹಿಂದೆ ನಿಂತು ಗಡಿಯಾರ ಹಿಡಿಯುತ್ತಿದ್ದರು. ಅವರ ಕೈ ಈಗ ನಡುಗುತ್ತದೆ, ತಾವೇ ಹೊಡೆಯಲಾರರು. ನಾನು ಹೊಡೆಯುವ ಸದ್ದನ್ನು ತಲೆ ಬಗ್ಗಿಸಿ ಕೇಳುತ್ತಾರೆ. "ಈ ಯಂತ್ರ ಪುಕ್ಕಟೆ ಸಿಕ್ಕಿದ್ದಕ್ಕೆ ನನ್ನ ವಿದ್ಯೆ ಉಳೀತು ಮಗಳೇ," ಅನ್ನುತ್ತಾರೆ.

ಕೀಲಿಮಣೆ ಒರೆಸಿಟ್ಟು ಹೊರಟಾಗ ಅವರು ಬಾಗಿಲವರೆಗೂ ಬಂದರು.

"ಕಣ್ಣು ಹಾಳೆ ಮೇಲಿರಲಿ. ಏನಾದ್ರೂ ಬೇಕಾದ್ರೆ ಬಾಯಿಬಿಟ್ಟು ಕೇಳು. ಅಲ್ಲಿ ನಿನ್ನ ಮುಖ ನೋಡಿ ತಿಳ್ಕೊಳ್ಳೋಕೆ ನಾವಿರಲ್ಲ."

ಪರೀಕ್ಷೆಯ ಕೋಣೆಯಲ್ಲಿ ಮೂವತ್ತು ಕಂಪ್ಯೂಟರ್‌ಗಳಿದ್ದವು. ಎಲ್ಲ ಹೊಸವು, ಎಲ್ಲ ಒಂದೇ ಥರ. ಮೇಲ್ವಿಚಾರಕರು ಎಲ್ಲರಿಗೂ ಹಾಳೆ ಹಂಚಿ, "ಐದು ನಿಮಿಷ ಕೈ ಆಡಿಸಿಕೊಳ್ಳಿ. ಆಮೇಲೆ ಹತ್ತು ನಿಮಿಷ ಪರೀಕ್ಷೆ. ನಡುವೆ ಮಾತಿಲ್ಲ," ಎಂದರು.

ನಾನು ಕಣ್ಣನ್ನು ಹಾಳೆಯ ಮೇಲಿಟ್ಟು ಹೊಡೆದೆ. ಕೊಳವೆ ಒಡೆದಿರುವ ಬಗ್ಗೆ ಒಂದು ದೂರಿನ ಪತ್ರ. ಬೆರಳು ಚೆನ್ನಾಗಿ ಓಡಿತು. ಆ ತೋರುಬೆರಳು ಕೂಡ. ಮೂರು ಸಾಲು ಮುಗಿಸಿ ಪರದೆ ನೋಡಿದೆ. ಅದರಲ್ಲಿ ಒಂದು ಪದವೂ ಪದವಾಗಿರಲಿಲ್ಲ. ಅಕ್ಷರಗಳು ಚೀಲದಿಂದ ಸುರಿದಂತೆ ಬಿದ್ದಿದ್ದವು.

ರಿಪೇರಿ ಅಕ್ಕ ಬಾಗಿಲಲ್ಲಿ ಹೇಳಿದ್ದು ಆಗ ಅರ್ಥವಾಯಿತು. ಇಲ್ಲಿಯ ಕೀಲಿಗಳ ಕೆಳಗೆ ಇದ್ದದ್ದು ಮಾವನ ಜೋಡಣೆ ಅಲ್ಲ.

ಆದರೂ ನನಗೆ ದಾರಿ ಗೊತ್ತಿತ್ತು. ಮನೆಯಲ್ಲಾದರೆ ಮೂಲೆಯ ಚಿಕ್ಕ ಚಿತ್ರ ಒತ್ತಿ ಜೋಡಣೆ ಆರಿಸಿಕೊಂಡರೆ ಆಯಿತು. ಇಲ್ಲಿ ಮೂಲೆಯಲ್ಲಿ ಇದ್ದದ್ದೆಲ್ಲ ಇಂಗ್ಲಿಷ್. ಕೂಡಿಸಿ ಕೂಡಿಸಿ ಓದಿ, ಟೈಪ್‌ರೈಟರ್ ಎಂದಿದ್ದ ಜೋಡಣೆಯನ್ನು ಒತ್ತಿದೆ. ಕೆಂಪು ಗುರುತಿನ ಒಂದು ಚೌಕ ಬಂತು. ಅದರಲ್ಲಿ ನನಗೆ ತಕ್ಷಣ ಓದಲು ಬಂದದ್ದು ಒಂದೇ ಪದ, ಅಡ್ಮಿನಿಸ್ಟ್ರೇಟರ್. ಕೆಳಗೆ ಗುಪ್ತಪದ ಕೇಳುತ್ತಿತ್ತು. ನನ್ನ ಮನೆಯ ಗುಪ್ತಪದವನ್ನೇ ಹಾಕಿದೆ. ಅದು ಆಗುವುದಿಲ್ಲ ಅಂತ ಗೊತ್ತಿದ್ದೂ ಹಾಕಿದೆ.

"ಶುರು ಮಾಡಿ," ಎಂದರು ಮೇಲ್ವಿಚಾರಕರು.

ಮೂವತ್ತು ಕೀಲಿಮಣೆಗಳ ಸದ್ದು ಒಟ್ಟಿಗೆ ಎದ್ದಿತು. ಅದರಲ್ಲಿ ಒಂದು ಕಡಿಮೆ. ನಾನು ಬಗ್ಗಿ ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತತೊಡಗಿದೆ. ಮೊದಲ ನಿಮಿಷಕ್ಕೆ ನಾಲ್ಕು ಪದ. ಎರಡನೆಯದಕ್ಕೆ ಐದು. ಪಕ್ಕದ ಹೆಂಗಸು ಹಾಳೆ ತಿರುಗಿಸಿದಳು. ಮಾವ ಈಗ ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿರುತ್ತಾರೆ. ಹಿರಿಯಕ್ಕ ನನ್ನ ಪಾಲಿನ ಡಬ್ಬಿಗಳನ್ನೂ ಎಳೆದುಕೊಂಡು ಮಡಚುತ್ತಿರುತ್ತಾಳೆ.

ನಾನು ಎದ್ದು ನಿಂತೆ. ಅಷ್ಟು ಜನರ ನಡುವೆ ಎಂದೂ ಎದ್ದು ನಿಂತವಳಲ್ಲ.

"ಸರ್, ಕೀಲಿಗಳ ಜೋಡಣೆ ಬದಲಾಯಿಸಿಕೋಬೇಕಿತ್ತು."

ಧ್ವನಿ ಸದ್ದಿನಲ್ಲಿ ಮುಳುಗಿಹೋಯಿತು ಅಂದುಕೊಂಡು ಇನ್ನೊಮ್ಮೆ ಹೇಳಿದೆ. ಈ ಸಲ ಗಟ್ಟಿಯಾಗಿಯೇ ಬಂತು. ಪಕ್ಕದ ಹೆಂಗಸಿನ ಕೈ ಒಂದು ಕ್ಷಣ ನಿಂತು ಮತ್ತೆ ಓಡಿತು. ಮೇಲ್ವಿಚಾರಕರು ತಲೆ ಎತ್ತಿ ನನ್ನನ್ನು ನೋಡಿದರು, ಕೈಗಡಿಯಾರ ನೋಡಿಕೊಂಡರು, ಕಿಟಕಿಯ ಕಡೆ ತಿರುಗಿದರು.

"ಸರ್, ಎರಡೇ ನಿಮಿಷ. ಒಂದ್ಸಲ ಬೀಗ ತೆಗೆದುಕೊಡ್ತೀರಾ?"